ಟಿಕ್ ಹಾಕಿದ್ದಾನೆ, ಬೆಸುಗೆ ಹಾಕಿಲ್ಲ

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಮೇಳವಾದ ಡೇಟನ್ ಹ್ಯಾಮ್‌ವೆನ್ಷನ್‌ಗೆ ಹೋಗಿದ್ದೆ. ಹೆಸರು ಡೇಟನ್ ಅಂತ ಇದ್ದರೂ 2017ರಿಂದ ಅದು ನಡೆಯುವುದು ಅಮೆರಿಕದ ಒಹಾಯೋದ ಝೀನಿಯಾ ಎಂಬ ಊರಿನ ಜಾತ್ರೆ ಮೈದಾನದಲ್ಲಿ. ಬಯಲಿನಲ್ಲಿ ಟಾರ್ಪಾಲು ಹಾಸಿ ಹಳೇ ರೇಡಿಯೋ, ವಾಲ್ವ್ (ಟ್ರಾನ್ಸಿಸ್ಟರ್‌ಗಿಂತ ಮುಂಚಿನ ಗಾಜಿನ ನಳಿಗೆ), ಕೇಬಲ್ ಸುರುಳಿ ಎಲ್ಲಾ ಹರಡಿಕೊಂಡು ಕೂತಿರುತ್ತಾರೆ, ಥೇಟ್ ನಮ್ಮೂರ ಸಂತೆ. ಮಧ್ಯಾಹ್ನ ಮಳೆ ಹನಿಯೋಕೆ ಶುರುವಾಗಿ ಎಲ್ಲರೂ ಗಂಟು ಕಟ್ಟುತ್ತಿದ್ದಾಗ ಈ ಹಸಿರು ಪೆಟ್ಟಿಗೆ ಕಣ್ಣಿಗೆ ಬಿತ್ತು. ಹೀತ್‌ಕಿಟ್ ಎಸ್‌ಬಿ-301, ಹ್ಯಾಮ್‌ಗಳು ಬಳಸುವ ರೇಡಿಯೋ ರಿಸೀವರ್. 90 ಡಾಲರ್‌ಗೆ ಕುದುರಿತು. ಚೆನ್ನಾಗಿ ಕೆಲಸ ಮಾಡುತ್ತೆ ಅಂದ ಮಾರಿದವನು. ಸಂತೆಯಲ್ಲಿ ಯಾವುದು ತಾನೇ ಕೆಲಸ ಮಾಡಲ್ಲ! ನಾನು ಮರುಳಾಗಿದ್ದು ಅದರ ಜೊತೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಮ್ಯಾನ್ಯುಯಲ್‌ಗೆ.

ಮನೆಗೆ ತಂದಾಗ ಹೆಂಡತಿ, "ಏನ್ರೀ ಇದು, ಹಳೇ ಮೈಕ್ರೋವೇವಾ?" ಅಂದಳು.

ಹೀತ್‌ಕಿಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮಿಷಿಗನ್‌ನ ಬೆಂಟನ್ ಹಾರ್ಬರ್‌ನ ಕಂಪನಿ. ನಾನಿರುವುದು ಅದೇ ರಾಜ್ಯದ ಇನ್ನೊಂದು ಅಂಚಿನಲ್ಲಿ, ಡೆಟ್ರಾಯಿಟ್ ಹತ್ತಿರ. ಮೊದಲು ವಿಮಾನದ ಕಿಟ್ ಮಾರುತ್ತಿದ್ದರು. ಕಂಪನಿ ಕಟ್ಟಿದ ಎಡ್ವರ್ಡ್ ಹೀತ್ 1931ರಲ್ಲಿ ವಿಮಾನ ಬಿದ್ದೇ ಸತ್ತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದ ಎಲೆಕ್ಟ್ರಾನಿಕ್ ಸಾಮಾನು ಅಗ್ಗವಾಗಿ ಸಿಕ್ಕಿತು, 1947ರಲ್ಲಿ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಕಿಟ್ ತಂದರು, ಅಲ್ಲಿಂದ 1992ರವರೆಗೆ ಕಿಟ್ಟುಗಳದ್ದೇ ವ್ಯಾಪಾರ. ಡಬ್ಬದಲ್ಲಿ ಬಿಡಿಭಾಗ ಮತ್ತು ಮ್ಯಾನ್ಯುಯಲ್ ಬರುತ್ತಿತ್ತು, ಜೋಡಿಸುವುದು ನಿಮ್ಮ ಕೆಲಸ. ಎಸ್‌ಬಿ-301 ಬಂದಿದ್ದು 1966ರಲ್ಲಿ. ಅದರಲ್ಲಿ ಶ್ರುತಿ ಹಿಡಿಯುವ ಮುಖ್ಯ ಆಸಿಲೇಟರನ್ನು ಮಾತ್ರ ಕಾರ್ಖಾನೆಯಲ್ಲೇ ಜೋಡಿಸಿ ಕಳಿಸುತ್ತಿದ್ದರು, ಮಿಕ್ಕಿದ್ದೆಲ್ಲ ಕೊಂಡವನ ಕೈಕೆಲಸ.

ಹಾಗಾಗಿ ಎರಡು ಎಸ್‌ಬಿ-301 ಒಂದೇ ಥರ ಇರಲ್ಲ. ಸರ್ಕ್ಯೂಟ್ ಒಂದೇ, ಕೈ ಬೇರೆ. ನನ್ನದನ್ನು ಜೋಡಿಸಿದವನು ಯಾರೋ ಗೊತ್ತಿಲ್ಲ, ಆದರೆ ಮುಚ್ಚಳ ತೆಗೆದ ಮೇಲೆ ಪರಿಚಯವಾಗುತ್ತಾ ಹೋದ. ತಂತಿಗಳನ್ನು ಚೆನ್ನಾಗಿ ಬಗ್ಗಿಸುತ್ತಾನೆ. ಬೆಸುಗೆಗೆ ಸೀಸ ಜಾಸ್ತಿ ಸುರಿಯುತ್ತಾನೆ. ಎಡಗೈಯವನಿರಬೇಕು ಅಂತ ನನ್ನ ಅನುಮಾನ, ಯಾಕಂದರೆ ಲಗ್‌ಗಳಿಗೆ (ತಂತಿ ಸಿಕ್ಕಿಸಿ ಬೆಸೆಯುವ ತೂತಿನ ಲೋಹದ ತುಂಡು) ತಂತಿ ಸುತ್ತಿರುವುದು ನಾನು ಸುತ್ತುವುದಕ್ಕೆ ಉಲ್ಟಾ.

ಕೂಡಲೇ ಪ್ಲಗ್ ಚುಚ್ಚಲಿಲ್ಲ. ದಶಕಗಟ್ಟಲೆ ಸುಮ್ನೆ ಬಿದ್ದಿದ್ದ ವಾಲ್ವ್ ರೇಡಿಯೋಗೆ ನೇರ ಕರೆಂಟ್ ಕೊಟ್ಟರೆ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಹೋಗುತ್ತೆ, ಹೋಗುವಾಗ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಪವರ್ ಸಪ್ಲೈಯ ಕೆಪ್ಯಾಸಿಟರ್‌ಗಳನ್ನೆಲ್ಲ ಬದಲಿಸಿದೆ. ಬ್ಯಾಂಡ್ ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಐವತ್ತು ಸಲ ತಿರುಗಿಸಿದೆ. ಆಮೇಲೆ 60 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ರೇಡಿಯೋ ಉಳಿಯುತ್ತೆ. ಬಲ್ಬು ಒಮ್ಮೆ ಹೊಳೆದು ಮಂಕಾಯಿತು. ಒಳ್ಳೇದು. ಒಂದು ಎಚ್ಚರಿಕೆ: ಒಳಗೆ ನೂರಕ್ಕೂ ಹೆಚ್ಚು ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಆನ್ ಇರುವಾಗ ಅಳೆಯಲೇಬೇಕಾದರೆ ನನ್ನ ಎಡಗೈ ಪ್ಯಾಂಟಿನ ಜೇಬಿನಲ್ಲಿರುತ್ತೆ, ಎರಡೂ ಕೈ ತಗುಲಿ ಕರೆಂಟ್ ಎದೆ ಹಾಯಬಾರದಲ್ಲ.

ವಾಲ್ವ್ ಬಿಸಿಯಾಗಿ ಧೂಳು ಕಾದ ವಾಸನೆ ಬಂತು. ಅಜ್ಜಿ ಮನೆಯ ಮರ್ಫಿ ರೇಡಿಯೋದ್ದೂ ಇದೇ ವಾಸನೆ. ಆಮೇಲೆ ಸ್ಪೀಕರ್‌ನಲ್ಲಿ ಸುಯ್ ಅಂತ ಸದ್ದು. ಇಪ್ಪತ್ತು ಮೀಟರ್ ಬ್ಯಾಂಡಿನಲ್ಲಿ (14 ಮೆಗಾಹರ್ಟ್ಜ್ ಆಸುಪಾಸು) ಯಾರೋ ಮೋರ್ಸ್ ಸಂಕೇತ ಬಡಿಯುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೂ ಸ್ವಲ್ಪ ಜೋರಾಗಿ ಕೇಳಿಸಲಿ ಅಂತ ಐಎಫ್ ಕಾಯಿಲ್ (ಸಿಗ್ನಲ್ ಆರಿಸಿ ಹಿಗ್ಗಿಸುವ ಹಂತದ ಸುರುಳಿ) ಒಂದರ ನಡುವಿನ ಫೆರೈಟ್ ಕೋರ್ ತಿರುಗಿಸಲು ಹೋದೆ. ಅದೂ ಕಬ್ಬಿಣದ ಸ್ಕ್ರೂಡ್ರೈವರ್‌ನಲ್ಲಿ. ಚಟಕ್ ಅಂತ ಕೋರ್ ಸೀಳಿತು. ಅದಕ್ಕಂತಲೇ ನೈಲಾನ್ ಕಡ್ಡಿ ಸಿಗುತ್ತೆ, ಎರಡು ಮೂರು ಡಾಲರ್, ನನ್ನ ಡ್ರಾಯರಿನಲ್ಲೇ ಇತ್ತು, ಏಳೋದಕ್ಕೆ ಸೋಮಾರಿತನ. ಇನ್ನೊಂದು ಕೆಟ್ಟ ಸೆಟ್ಟಿನಿಂದ ಆ ಕಾಯಿಲ್ ಕಿತ್ತು ತರುವವರೆಗೆ ಎರಡು ತಿಂಗಳು ರೇಡಿಯೋ ಮೂಕ.

ಅದು ಸರಿಹೋದ ಮೇಲೆ ನಿಜವಾದ ಕಾಟ ಶುರುವಾಯಿತು. ಹಾಕಿ ಅರ್ಧ ಗಂಟೆಯಾದರೆ ಸದ್ದು ಇದ್ದಕ್ಕಿದ್ದಂತೆ ಬಿದ್ದುಹೋಗುವುದು, ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನ ಮುಳ್ಳೂ ಬೀಳುವುದು, ಎಲ್ಲ ಬ್ಯಾಂಡಿನಲ್ಲೂ. ತಲೆಯ ಮೇಲೊಂದು ಗುದ್ದಿದರೆ ಸರಿ. ವಾಲ್ವ್‌ಗಳನ್ನು ಬದಲಿಸಿ ನೋಡಿದೆ, ಸಾಕೆಟ್ ಉಜ್ಜಿದೆ, ಪ್ರಯೋಜನವಿಲ್ಲ. ಕೊನೆಗೆ ಚೈನೀಸ್ ಊಟದ ಜೊತೆ ಬಂದ ಮರದ ಕಡ್ಡಿ ಹಿಡಿದು, ರೇಡಿಯೋ ಆನ್ ಇಟ್ಟುಕೊಂಡೇ, ಒಂದೊಂದೇ ತಂತಿ ಮುಟ್ಟುತ್ತಾ ಬಂದೆ. ಮೂರನೇ ಸಂಜೆ ಒಂದು ಲಗ್ ಹತ್ತಿರ ಸದ್ದು ಕುಣಿಯಿತು.

ಆ ಲಗ್ಗಿಗೆ ಮೂರು ತಂತಿ ಸೇರುತ್ತವೆ. ಹೀತ್‌ಕಿಟ್ ಮ್ಯಾನ್ಯುಯಲ್‌ನಲ್ಲಿ ಇದಕ್ಕೊಂದು ಭಾಷೆಯಿದೆ. ತಂತಿ ಸಿಕ್ಕಿಸಿ, ಬೆಸುಗೆ ಈಗಲೇ ಬೇಡ ಅನ್ನುವುದಕ್ಕೆ ಎನ್‌ಎಸ್. ಎಲ್ಲ ತಂತಿ ಬಂದಾದ ಮೇಲೆ ಎಸ್-3, ಅಂದರೆ ಬೆಸೆಯಿರಿ, ಇಲ್ಲಿ ಮೂರು ತಂತಿ ಇರಬೇಕು, ಎಣಿಸಿಕೊಳ್ಳಿ. ಪ್ರತಿ ಹೆಜ್ಜೆಯ ಮುಂದೆ ಖಾಲಿ ಕಂಸ, ಮುಗಿದ ಹಾಗೆ ಟಿಕ್ ಹಾಕಬೇಕು. ನನ್ನ ಪುಣ್ಯಾತ್ಮ ಆ ಎಸ್-3ಕ್ಕೆ ಪೆನ್ಸಿಲ್‌ನಲ್ಲಿ ನೀಟಾಗಿ ಟಿಕ್ ಹಾಕಿದ್ದಾನೆ. ಭೂತಗನ್ನಡಿಯಲ್ಲಿ ನೋಡಿದರೆ ಸೀಸ ಹಿಡಿದಿರುವುದು ಎರಡೇ ತಂತಿಗೆ. ಮೂರನೆಯದು ಲಗ್ಗಿನ ತೂತಿಗೆ ಕೊಕ್ಕೆ ಹಾಕಿಕೊಂಡು, ಮೇಲೆ ಚೂರು ಕಂದು ರಾಳ ಮೆತ್ತಿಕೊಂಡು, ಬರೀ ಒತ್ತಡದ ಮೇಲೆ ಅಷ್ಟು ವರ್ಷ ನಿಂತಿತ್ತು! ಬಿಸಿಯಾದಾಗ ಲಗ್ ಒಂಚೂರು ಹಿಗ್ಗಿ, ತುಕ್ಕು ಹಿಡಿದ ತಂತಿ ಕೈಬಿಡುತ್ತಿತ್ತು. ಹಳೇ ಸೀಸ ಹೀರಿ ತೆಗೆದು, ತಂತಿ ಕೆರೆದು, ಹೊಸದಾಗಿ ಬೆಸೆದೆ. ಹತ್ತು ನಿಮಿಷದ ಕೆಲಸ.

ಈಗ ದಿನಾ ಬಳಸುತ್ತೇನೆ. ಡಯಲ್ ಒಂದು ಸುತ್ತು ತಿರುಗಿದರೆ 100 ಕಿಲೋಹರ್ಟ್ಜ್, ಒಂದೊಂದು ಕಿಲೋಹರ್ಟ್ಜಿಗೂ ಗೆರೆ. ಡಿಜಿಟಲ್ ಅಂಕಿ ಇಲ್ಲ ಅಂತ ಬೇಜಾರಿಲ್ಲ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ಬ್ಯಾಂಡ್ ಸ್ವಿಚ್ಚನ್ನು 15 ಮೆಗಾಹರ್ಟ್ಜ್‌ಗೆ ತಿರುಗಿಸಿದರೆ ಕೊಲರಾಡೋದ ಡಬ್ಲ್ಯುಡಬ್ಲ್ಯುವಿ ಅನ್ನುವ ರೇಡಿಯೋ ಕೇಂದ್ರ ಸಮಯ ಹೇಳುತ್ತಿರುತ್ತೆ, ಅದಕ್ಕೆ ಒಳಗಿನ ಕ್ಯಾಲಿಬ್ರೇಟರ್ (ಡಯಲ್ ಸರಿನೋಡುವ ಸಾಧನ) ಹೊಂದಿಸಿಕೊಂಡರೆ ಆಯಿತು. ಆಂಟೆನಾ ಹಿತ್ತಲಿನ ಎರಡು ಮೇಪಲ್ ಮರಗಳ ನಡುವೆ, ಸುಮಾರು 33 ಅಡಿ ತಂತಿ, ನಡುವೆ ಕತ್ತರಿಸಿ ಕೇಬಲ್ ಇಳಿಸಿದ್ದು. ಸಿಗ್ನಲ್‌ಗಿಂತ ಜಾಸ್ತಿ ಕೇಳಿಸುತ್ತಿದ್ದುದು ಮನೆಯದೇ ಗಲಾಟೆ. ಮಗನ ಫೋನ್ ಚಾರ್ಜರ್ ಕಿತ್ತ ಮೇಲೆ ಅರ್ಧ ತಗ್ಗಿತು. 14.074 ಮೆಗಾಹರ್ಟ್ಜ್‌ನಲ್ಲಿ ಕಂಪ್ಯೂಟರುಗಳು ಎಫ್‌ಟಿ8 ಎಂಬ ಡಿಜಿಟಲ್ ಸಂಕೇತದಲ್ಲಿ ಕೊಯ್ಯ್ ಅಂತ ಮಾತಾಡಿಕೊಳ್ಳುತ್ತವೆ, ಅದನ್ನು ದಾಟಿ ಕೆಳಗಿಳಿದರೆ ಕೈಯಲ್ಲಿ ಮೋರ್ಸ್ ಬಡಿಯುವವರು ಸಿಗುತ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ಭಾರತದಲ್ಲಿ ಆಗ ಸಂಜೆ ಐದೂವರೆ, ಒಂದೆರಡು ಸಲ ವಿಯು2 ಅಂತ ಶುರುವಾಗುವ, ಅಂದರೆ ಭಾರತದ ಹ್ಯಾಮ್‌ಗಳ, ಕರೆ ಕೇಳಿದ್ದೇನೆ. ತೆಳ್ಳಗೆ, ಮೇಲೆ ಕೆಳಗೆ ಆಡುತ್ತಾ. ಒಮ್ಮೆ ಪೂರ್ತಿ ಹಿಡಿಯುವಷ್ಟರಲ್ಲಿ ಕುಕ್ಕರ್ ಕೂಗಿತು.

ಆ ಲಗ್ ಸಿಕ್ಕಿದ ಮೇಲೆ ಒಂದು ಚಟ ಹತ್ತಿದೆ. ಭಾನುವಾರ ಮಧ್ಯಾಹ್ನ ಮ್ಯಾನ್ಯುಯಲ್ ತೆಗೆದು, ಎಸ್-2, ಎಸ್-3 ಬರೆದಲ್ಲೆಲ್ಲ ಭೂತಗನ್ನಡಿ ಹಿಡಿದು ಎಣಿಸಿ, ಅವನ ಪೆನ್ಸಿಲ್ ಟಿಕ್ ಪಕ್ಕ ನನ್ನ ಕೆಂಪು ಪೆನ್ನಿನ ಟಿಕ್ ಹಾಕುತ್ತಿದ್ದೇನೆ. ಇನ್ನೂ ಅರ್ಧ ಬಾಕಿಯಿದೆ. ಇಲ್ಲಿಯವರೆಗೆ ಇಂಥವೇ ಇನ್ನೆರಡು ಸಿಕ್ಕಿವೆ. ಮೂರೂ ಒಂದೇ ಪುಟದವು, ಆ ಪುಟದ ಮೂಲೆಯಲ್ಲಿ ಕಾಫಿ ಲೋಟದ ದುಂಡನೆ ಕಲೆಯಿದೆ.