ಮಕಾಡೆ ಮಲಗಿ ಅಲೆ ಏರಲು ನಿಮ್ಮದೇ ಅಳತೆಯ ಹಲಗೆ

ಸರ್ಫಿಂಗ್ ಅಂದರೆ ಹಲಗೆ ಮೇಲೆ ಎದ್ದು ನಿಲ್ಲುವುದು ಅಂತಲೇ ಹೆಚ್ಚಿನವರ ಲೆಕ್ಕ. ಮಕಾಡೆ ಮಲಗಿ ಅಲೆ ಏರುವ ಖುಷಿ ಅದಕ್ಕಿಂತ ಕಡಿಮೆಯದ್ದೇನಲ್ಲ. ಮುಖ ನೀರಿಗೆ ಒಂದು ಗೇಣು ದೂರದಲ್ಲಿರುತ್ತದೆ. ಸೊಂಟದೆತ್ತರದ ಅಲೆಯೂ ದೊಡ್ಡದಾಗಿ ಕಾಣುತ್ತದೆ. ಹೋಗುತ್ತಿರುವ ವೇಗಕ್ಕಿಂತ ಜಾಸ್ತಿ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಇದಕ್ಕೆ ಬೇಕಾದ ಬೆಲ್ಲಿಬೋರ್ಡನ್ನು ನೀವೇ ಮಾಡಿಕೊಳ್ಳಬಹುದು. ಗರಗಸ ಹಿಡಿದು ಅಭ್ಯಾಸವಿಲ್ಲದಿದ್ದರೆ ಪರಿಚಯದ ಬಡಗಿಯೊಬ್ಬರ ಜೊತೆ ಕೂತು ಮಾಡಿಸಿಕೊಳ್ಳಿ.

ಹಾವಾಯಿಯವರು ಈ ಥರದ ಗಿಡ್ಡ ಹಲಗೆಯನ್ನು ಪೈಪೊ ಅಂತಾರೆ. ಹಿಂದೆ ಅಲ್ಲಿ ಕೋವಾ ಮರದಲ್ಲಿ, ಜೀಗುಜ್ಜೆ ಮರದಲ್ಲಿ ಅಲೆಯ ಹಲಗೆಗಳನ್ನು ಮಾಡುತ್ತಿದ್ದರು. ಹೌದು, ನಮ್ಮ ಕರಾವಳಿಯಲ್ಲಿ ಪೋಡಿ ಮಾಡಿ ತಿನ್ನುವ ಅದೇ ಜೀಗುಜ್ಜೆ. ಇಂಗ್ಲೆಂಡಿನ ಕಾರ್ನ್‌ವಾಲ್, ಡೆವನ್ ತೀರಗಳಲ್ಲಿ ಮೊದಲ ಮಹಾಯುದ್ಧದ ನಂತರ ಮರದ ಬೆಲ್ಲಿಬೋರ್ಡ್ ಜನರ ರಜೆಯ ಆಟವಾಯಿತು. ಸುಮಾರು 4 ಅಡಿ ಉದ್ದ, 1 ಅಡಿ ಅಗಲ, ತೆಳು ಪ್ಲೈವುಡ್, ಮೂತಿ ಮಾತ್ರ ಮೇಲಕ್ಕೆ ಬಾಗಿದ್ದು: ಇದು ಅಲ್ಲಿನ ಹಳೇ ಮಾದರಿ. 1971ರಲ್ಲಿ ಟಾಮ್ ಮೋರಿ ಹಾವಾಯಿಯಲ್ಲಿ ಫೋಮ್‌ನ ಬೂಗಿ ಬೋರ್ಡ್ ಮಾಡಿದ ಮೇಲೆ ಮರದ್ದು ಮೂಲೆ ಸೇರಿತು. ಆದರೆ ಸತ್ತುಹೋಗಲಿಲ್ಲ. ಕಾರ್ನ್‌ವಾಲ್‌ನ ಚಾಪೆಲ್ ಪೋರ್ತ್ ತೀರದಲ್ಲಿ ಮರದ ಹಲಗೆಯವರಿಗೇ ಅಂತ ಸ್ಪರ್ಧೆ ನಡೆಸಿದ್ದಾರೆ. ನಮ್ಮಲ್ಲಿ ಮೂಲ್ಕಿಯಲ್ಲಿ 2004ರಲ್ಲೇ ಸರ್ಫ್ ಕ್ಲಬ್ ಶುರುವಾಯಿತು, 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮಕಾಡೆ ಮಲಗಿ ಏರಲು ಬೇಕಾದ ಅಲೆ ನಮ್ಮಲ್ಲೂ ಉಂಟು.

ಹಲಗೆ ನಿಮ್ಮನ್ನು ತೇಲಿಸುವುದಿಲ್ಲ

ವಿನ್ಯಾಸಕ್ಕೆ ಕೈ ಹಾಕುವ ಮುಂಚೆ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಬೇಕು. ನಿಂತು ಆಡುವ ಸರ್ಫ್‌ಬೋರ್ಡ್ ದಪ್ಪಗಿರುತ್ತದೆ, ನಿಮ್ಮ ಭಾರವನ್ನು ತೇಲಿಸುತ್ತದೆ. ಮರದ ಬೆಲ್ಲಿಬೋರ್ಡ್‌ಗೆ ಅದು ಆಗದ ಕೆಲಸ. 105 ಸೆಂ.ಮೀ. ಉದ್ದ, 44 ಸೆಂ.ಮೀ. ಅಗಲ, 9 ಮಿ.ಮೀ. ದಪ್ಪದ ಹಲಗೆ ತೆಗೆದುಕೊಳ್ಳಿ. ಮೂಲೆಗಳನ್ನು ದುಂಡು ಮಾಡಿದ ಮೇಲೆ ಅದರ ಗಾತ್ರ ಸುಮಾರು 3.6 ಲೀಟರ್. ಪೂರ್ತಿ ಮುಳುಗಿಸಿದರೆ ಸಮುದ್ರದ ನೀರು ಅದನ್ನು 3.7 ಕೆ.ಜಿ.ಯಷ್ಟು ಮೇಲಕ್ಕೆ ಒತ್ತುತ್ತದೆ. ಹಲಗೆಯ ತೂಕವೇ ಎರಡೂವರೆ ಕೆ.ಜಿ. ಹತ್ತಿರ ಇರುತ್ತದೆ. ಉಳಿಯುವುದು ಬರೀ ಒಂದು ಕೆ.ಜಿ. ಚಿಲ್ಲರೆ. 60 ಕೆ.ಜಿ.ಯ ಮನುಷ್ಯನಿಗೆ ಅದು ಯಾವ ಲೆಕ್ಕ?

ನಿಮ್ಮನ್ನು ಎತ್ತಿ ಹಿಡಿಯುವುದು ವೇಗ. ಅಲೆ ಬೆನ್ನಿಗೆ ಬಂದು ತಳ್ಳಿದಾಗ ಹಲಗೆಯ ಅಡಿಭಾಗ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ಕೆರೆಗೆ ಚಪ್ಪಟೆ ಕಲ್ಲು ಬೀಸಿದಾಗ ಅದು ಕುಪ್ಪಳಿಸಿಕೊಂಡು ಹೋಗುವುದೂ ಹೀಗೇ. ಹಾಗಾಗಿ ಈ ಹಲಗೆಯಲ್ಲಿ ದಪ್ಪಕ್ಕೆ ಬೆಲೆ ಕಡಿಮೆ. ಅಡಿಭಾಗ ಎಷ್ಟು ವಿಶಾಲ, ಮೂತಿ ಎಷ್ಟು ಬಾಗಿದೆ, ಹಿಂದಿನ ಅಂಚು ಎಷ್ಟು ಚೂಪಾಗಿದೆ, ಈ ಮೂರೇ ಮುಖ್ಯ. ಈ ಮೂರನ್ನೂ ನಿಮ್ಮ ಮೈಗೆ, ನೀವು ಹೋಗುವ ತೀರದ ಅಲೆಗೆ ಹೊಂದಿಸಬೇಕು. ಬೇರೆಯವರ ಹಲಗೆಯ ಅಳತೆ ಸುಮ್ನೆ ನಕಲು ಮಾಡಿದರೆ ಉಪಯೋಗವಿಲ್ಲ.

ಮೊದಲು ಅಲೆ ನೋಡಿ

ಬೆಳಿಗ್ಗೆ ನಿಮ್ಮ ತೀರಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಅಲೆ ಎಲ್ಲಿ ಒಡೆಯುತ್ತದೆ, ಅಲ್ಲಿ ನೀರು ಎಷ್ಟು ಆಳ? ಸಾಮಾನ್ಯವಾಗಿ ಅಲೆ ತನ್ನ ಎತ್ತರದ 1.3 ಪಟ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. ಅಂದರೆ ಮುಕ್ಕಾಲು ಮೀಟರಿನ ಅಲೆ ಸುಮಾರು ಒಂದು ಮೀಟರ್ ನೀರಲ್ಲಿ, ನಿಮಗೆ ಸೊಂಟದಷ್ಟು ನೀರಿರುವ ಕಡೆ ಒಡೆಯುತ್ತದೆ. ಆ ಆಳದಲ್ಲಿ ಅದು ಸೆಕೆಂಡಿಗೆ 3 ಮೀಟರ್ ಆಸುಪಾಸು, ಗಂಟೆಗೆ 11 ಕಿ.ಮೀ. ವೇಗದಲ್ಲಿ ಬರುತ್ತದೆ. ಕಾಲು ನೆಲಕ್ಕೆ ಒತ್ತಿ ಹಾರಿದರೆ ಸಿಗುವ ಅಲೆ ಅದು. ಕಾಲಿಗೆ ಫಿನ್, ಅಂದರೆ ಈಜುವವರು ಹಾಕುವ ರಬ್ಬರಿನ ರೆಕ್ಕೆ, ಬೇಕಂತಿಲ್ಲ.

ಇಳಿಜಾರು ಕಡಿಮೆ ಇರುವ ತೀರದಲ್ಲಿ ಅಲೆ ಮೆತ್ತಗೆ ನೊರೆಯಾಗಿ ಉರುಳುತ್ತದೆ. ಅದಕ್ಕೆ ಅಗಲದ ಹಲಗೆ ಬೇಕು, ಬೇಗ ನೀರ ಮೇಲೆ ಏಳುತ್ತದೆ. ದಡ ಕಡಿದಾಗಿದ್ದು ಅಲೆ ಗೋಡೆಯ ಹಾಗೆ ಎದ್ದು ಬೀಳುವ ಕಡೆ ಕಿರಿದಾದ ಹಲಗೆ ಒಳ್ಳೆಯದು. ಅಗಲದ್ದನ್ನು ಅಲ್ಲಿ ವಾಲಿಸಲು ಕಷ್ಟ, ಅಡ್ಡಡ್ಡ ಜಾರುತ್ತದೆ. ನಮ್ಮ ಕರಾವಳಿಯ ಮಟ್ಟಿಗೆ ಮಳೆಗಾಲದ ಕಡಲನ್ನು ಪೂರ್ತಿ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲೆಗೆ, ಸೆಳೆತಕ್ಕೆ ಯಾವ ವಿನ್ಯಾಸವೂ ಉತ್ತರ ಕೊಡುವುದಿಲ್ಲ. ಮಳೆ ಹೋದ ಮೇಲಿನ ಮೊಣಕಾಲಿನಿಂದ ಸೊಂಟದ ಎತ್ತರದ ಅಲೆಗೆ ಹಲಗೆ ಮಾಡಿ.

ರಟ್ಟಿನ ಮೇಲೆ ಮಲಗಿ ಅಳತೆ

ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಸಿಕ್ಕಿದರೆ ಬಿಡಬೇಡಿ. ಅದನ್ನು ನೆಲಕ್ಕೆ ಹಾಸಿ ಮಕಾಡೆ ಮಲಗಿ. ಮೊಣಕೈ ಮಡಚಿ, ಎರಡು ಅಂಗೈಗಳನ್ನು ಮುಂದೆ ಚಾಚಿ, ಗದ್ದ ಸ್ವಲ್ಪ ಎತ್ತಿ. ಅಲೆ ಮೇಲೆ ಹೀಗೇ ಇರುತ್ತೀರಿ. ಮನೆಯವರ ಕೈಗೆ ಪೆನ್ಸಿಲ್ ಕೊಟ್ಟು ಗುರುತು ಹಾಕಿಸಿ: ಗದ್ದದ ನೇರಕ್ಕೆ ಒಂದು, ಎರಡು ಮೊಣಕೈಗೆ, ಪಕ್ಕೆಲುಬಿನ ಎರಡೂ ಬದಿಗೆ, ಸೊಂಟದ ಮೂಳೆಗೆ, ತೊಡೆ ಮಡಚುವ ಗೆರೆಗೆ.

ಹಲಗೆಯ ಹಿಂತುದಿ ತೊಡೆ ಮಡಚುವ ಗೆರೆಯಿಂದ ನಾಲ್ಕೈದು ಸೆಂ.ಮೀ. ಕೆಳಗೆ ಮುಗಿದರೆ ಸಾಕು. ಅದಕ್ಕಿಂತ ಉದ್ದವಾದರೆ ಕಾಲು ಬಡಿಯಲು ತೊಡಕು. ಮುಂದೆ ಗದ್ದದಿಂದ 40 ಸೆಂ.ಮೀ.ನಷ್ಟು ಬಿಡಿ. 165 ಸೆಂ.ಮೀ. ಎತ್ತರದವರಿಗೆ ಹಲಗೆಯ ಒಟ್ಟು ಉದ್ದ 105 ಸೆಂ.ಮೀ. ಸುತ್ತಮುತ್ತ ಬರುತ್ತದೆ. ನೆಲಕ್ಕೆ ನಿಲ್ಲಿಸಿದರೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ. ಅಗಲ ಮೊಣಕೈ ಒಳಗೆ ಕೂರುವಷ್ಟಿರಲಿ. ಮೊಣಕೈ ಹಲಗೆಯಿಂದ ಹೊರಗೆ ನೇತಾಡಿದರೆ ನೀರನ್ನು ಎಳೆದು ವೇಗ ಕೊಲ್ಲುತ್ತದೆ. ಮೆತ್ತಗಿನ ಅಲೆಗೆ 44ರಿಂದ 46 ಸೆಂ.ಮೀ., ಕಡಿದಾದ ಅಲೆಗೆ 38ರಿಂದ 40 ನನ್ನ ಆಯ್ಕೆ. ಅತಿ ಅಗಲದ ಜಾಗ ಎದೆಯ ಕೆಳಗೆ ಬರಲಿ, ಮೂತಿಯಿಂದ 45 ಸೆಂ.ಮೀ. ಹಿಂದೆ. ಹಿಂತುದಿ ಸೊಂಟದಷ್ಟು, ಸುಮಾರು 36 ಸೆಂ.ಮೀ.

ರಟ್ಟನ್ನು ಕತ್ತರಿಸಿ ಮತ್ತೆ ಮಲಗಿ ನೋಡಿ. ಪಕ್ಕೆಲುಬಿಗೆ ಎಲ್ಲಿ ಒತ್ತುತ್ತದೆ, ಕೈ ಎಲ್ಲಿ ಹಿಡಿಯಲು ಹೋಗುತ್ತದೆ? ಮುಂದಿನ ಮೂಲೆಗಳು ಅಂಗೈಗೆ ತಾನಾಗಿ ಸಿಗಬೇಕು. ಒಪ್ಪಿಗೆಯಾದ ಮೇಲೆ ಅರ್ಧ ಆಕಾರವನ್ನು ಮಾತ್ರ ದಪ್ಪ ಕಾಗದಕ್ಕೆ ಇಳಿಸಿ. ಗುರುತುಗಳ ನಡುವೆ ತೆಳು ಬಿದಿರಿನ ಪಟ್ಟಿಯೊಂದನ್ನು ಬಾಗಿಸಿ ಹಿಡಿದು ಗೆರೆ ಎಳೆದರೆ ಬಳುಕು ನಯವಾಗಿ ಬರುತ್ತದೆ. ಕಾಗದ ಮಡಚಿ ಕತ್ತರಿಸಿದರೆ ಎರಡೂ ಬದಿ ಒಂದೇ ಸಮ.

ಪ್ಲೈ ಮತ್ತು ಅಂಟು

ಅಂಗಡಿಯಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ. 72 ಗಂಟೆ ಕುದಿಸಿದರೂ ಪದರ ಬಿಡದ ಪರೀಕ್ಷೆ ಪಾಸಾದದ್ದು ಅದು. ಐಎಸ್ 303ರ ಸಾಮಾನ್ಯ ಪ್ಲೈ ಬೀರುವಿಗೆ ಸರಿ, ಕಡಲಿಗಲ್ಲ. 9 ಮಿ.ಮೀ.ನ ಒಂದೇ ಹಾಳೆ ಬೇಡ, ಮನೆಯಲ್ಲಿ ಅದನ್ನು ಬಾಗಿಸುವುದು ಸುಲಭವಲ್ಲ. 3 ಮಿ.ಮೀ.ನ ಮೂರು ತುಂಡು ಅಂಟಿಸಿ. 8×4 ಅಡಿಯ ಒಂದು ಹಾಳೆಯಲ್ಲಿ 4×2 ಅಡಿಯ ನಾಲ್ಕು ತುಂಡು ಬರುತ್ತದೆ. ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಇರುವ ಹಾಗೆ ಕತ್ತರಿಸಿ. ನಾಲ್ಕನೆಯ ತುಂಡು ಅಚ್ಚಿನ ಕೆಲಸಕ್ಕಾಯಿತು.

ಅಂಟಿಗೆ ಎಪಾಕ್ಸಿಯೇ ಬೇಕು, ಅಂದರೆ ರೆಸಿನ್ ಮತ್ತು ಹಾರ್ಡ್‌ನರ್ ಎರಡನ್ನೂ ಕಲಸಿದಾಗ ಗಟ್ಟಿಯಾಗುವ ಅಂಟು. ಮರಗೆಲಸದ ಬಿಳಿ ಅಂಟು ಉಪ್ಪುನೀರಲ್ಲಿ ಬಾಳುವುದಿಲ್ಲ. ದೋಣಿಯ ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗಕ್ಕೆ ಸಿಗುತ್ತದೆ, ಆದರೆ ಮರಕ್ಕೆ ಮರ ಹಿಡಿಸಲು ಅದು ಎಪಾಕ್ಸಿಯಷ್ಟು ಗಟ್ಟಿಯಲ್ಲ.

ಮೂತಿ ಬಾಗಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಮೂತಿ ಚಪ್ಪಟೆಯಾಗಿದ್ದರೆ ಅಲೆ ಇಳಿಯುವಾಗ ನೀರಿಗೆ ನುಗ್ಗಿ ನೀವು ಮುಂದಕ್ಕೆ ಪಲ್ಟಿ ಹೊಡೆಯುತ್ತೀರಿ. ಜಾಸ್ತಿ ಬಾಗಿದರೆ ನೀರನ್ನು ತಳ್ಳಿಕೊಂಡು ನಿಧಾನವಾಗುತ್ತದೆ. ಮುಂದಿನ 28 ಸೆಂ.ಮೀ. ಉದ್ದದಲ್ಲಿ 6 ಸೆಂ.ಮೀ. ಏರಿದರೆ ನಮ್ಮ ಅಲೆಗೆ ಸರಿಹೋಗುತ್ತದೆ. ಹಿಂದಿನದ್ದೆಲ್ಲ ಚಪ್ಪಟೆಯೇ ಇರಲಿ.

ಎರಡು ಪಕ್ಕದ ಹಲಗೆಗೆ ಈ ಬಾಗನ್ನು ಕತ್ತರಿಸಿ, ಅವುಗಳ ಮೇಲೆ ಅಡ್ಡಕ್ಕೆ ರೀಪುಗಳನ್ನು ಹೊಡೆದರೆ ಅಚ್ಚು ತಯಾರು. ಅಚ್ಚಿನಲ್ಲಿ ಏರು 6 ಬದಲು ಏಳರ ಹತ್ತಿರ ಇಡಿ. ಯಾಕೆಂದರೆ ಅಂಟು ಒಣಗಿ ಕ್ಲಾಂಪ್ ಬಿಚ್ಚಿದ ಮೇಲೆ ಹಲಗೆ ಸ್ವಲ್ಪ ನೆಟ್ಟಗಾಗುತ್ತದೆ. ಮೂರು ಪದರಕ್ಕೆ ಹಾಗೆ ಕಳೆದುಹೋಗುವುದು ಸುಮಾರು ಒಂಬತ್ತರಲ್ಲಿ ಒಂದು ಪಾಲು. ಎರಡೇ ಪದರವಾದರೆ ನಾಲ್ಕರಲ್ಲಿ ಒಂದು. ಪದರ ಹೆಚ್ಚಾದಷ್ಟೂ ಬಾಗು ನಿಲ್ಲುತ್ತದೆ.

ಒಂದು ಆಸೆ ಇಲ್ಲಿ ಹುಟ್ಟುತ್ತದೆ: ಮೂತಿ ಏರಿಸುವುದರ ಜೊತೆಗೆ ಅಡ್ಡಕ್ಕೂ ಬಟ್ಟಲಿನ ಹಾಗೆ ಕುಳಿ ಮಾಡೋಣ ಅಂತ. ಪ್ಲೈ ಒಂದೇ ಜಾಗದಲ್ಲಿ ಎರಡು ದಿಕ್ಕಿಗೆ ಬಾಗುವುದಿಲ್ಲ, ಸುಕ್ಕುಗಟ್ಟಿ ಬಿರಿಯುತ್ತದೆ. ಮೊದಲ ಹಲಗೆಗೆ ಆ ಆಸೆ ಬಿಡಿ.

ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೈಗೆ ಗ್ಲೌಸ್ ಹಾಕಿ, ಎಪಾಕ್ಸಿಯನ್ನು ಅಗಲದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಆಳದ ಲೋಟದಲ್ಲಿ ಬಹಳಷ್ಟು ಕಲಸಿದರೆ ಅದು ತನ್ನ ಬಿಸಿಗೇ ಕಾದು ಕೈಯಲ್ಲೇ ಗಟ್ಟಿಯಾಗುತ್ತದೆ. ನಮ್ಮ ಸೆಕೆಗೆ ಇನ್ನೂ ಬೇಗ. ಬೆಳಗಿನ ಹೊತ್ತು ಈ ಕೆಲಸಕ್ಕೆ ವಾಸಿ. ಅಂಟುವ ಎರಡೂ ಮುಖಕ್ಕೆ ಹಚ್ಚಿ, ಮೂರನ್ನೂ ಜೋಡಿಸಿ, ಚಪ್ಪಟೆ ಭಾಗದಿಂದ ಮೂತಿಯ ಕಡೆಗೆ ಒಂದೊಂದೇ ಕ್ಲಾಂಪ್ ಬಿಗಿಯುತ್ತಾ ಹೋಗಿ. ಕ್ಲಾಂಪ್ ಸಾಲದ ಕಡೆ ಮರಳಿನ ಚೀಲ ಹೇರಿ. ಅಂಚಿನುದ್ದಕ್ಕೂ ಅಂಟು ಸಣ್ಣ ಹನಿಯಾಗಿ ಹೊರಬಂದರೆ ಒತ್ತು ಸಮನಾಗಿ ಬಿದ್ದಿದೆ ಅಂತ ಅರ್ಥ. ಒಂದು ಕಡೆ ಹನಿ ಕಾಣದಿದ್ದರೆ ಅಲ್ಲಿ ಇನ್ನೊಂದು ಕ್ಲಾಂಪ್ ಹಾಕಿ. ಪೂರ್ತಿ ಒಂದು ದಿನ ಮುಟ್ಟಬೇಡಿ.

ಕತ್ತರಿಸಿ, ಅಂಚು ತೀಡಿ

ಆಮೇಲೆ ಕಾಗದದ ಮಾದರಿಯನ್ನು ಬಾಗಿನ ಮೇಲೆ ಒತ್ತಿ ಹಿಡಿದು ಗೆರೆ ಎಳೆಯಿರಿ. ಗೆರೆಯಿಂದ ಎರಡು ಮಿ.ಮೀ. ಹೊರಗೆ ಜಿಗ್‌ಸಾದಲ್ಲಿ ಕತ್ತರಿಸಿ, ಉಳಿದದ್ದನ್ನು ಹತ್ತರಿಯಿಂದ, ಅರದಿಂದ ತೆಗೆಯಿರಿ. ಧೂಳಿಗೆ ಮಾಸ್ಕ್ ಬೇಕೇ ಬೇಕು.

ಅಂಚಿನ ಆಕಾರ ಎಲ್ಲ ಕಡೆ ಒಂದೇ ಇರಬಾರದು. ಮುಂದಿನ ಮೂರನೇ ಎರಡು ಭಾಗ ಕೈ ಹಿಡಿಯುವ ಜಾಗ, ಅಲ್ಲಿ ಮೇಲೆ ಕೆಳಗೆ ಎರಡೂ ದುಂಡಗೆ ತೀಡಿ. ಹಿಂದಿನ 30–35 ಸೆಂ.ಮೀ.ನಲ್ಲಿ ಕೆಳಗಿನ ಮೂಲೆಯನ್ನು ಚೂಪಾಗಿ ಬಿಡಿ, ಬೆರಳಾಡಿಸಿದರೆ ಗೀರದೆ ತಡೆಯುವಷ್ಟು. ದುಂಡಗಿನ ಅಂಚಿಗೆ ನೀರು ಅಂಟಿಕೊಂಡು ಸುತ್ತಿ ಮೇಲೆ ಬರುತ್ತದೆ. ಚೂಪು ಅಂಚಿನಲ್ಲಿ ಅದು ಕಡಿದುಕೊಂಡು ಹಿಂದಕ್ಕೆ ಹೋಗುತ್ತದೆ. ವೇಗ ಬರುವುದು ಹೀಗೆ. ಅಡ್ಡ ಸಾಗುವಾಗ ಅಲೆಯ ಗೋಡೆಯನ್ನು ಹಿಡಿದುಕೊಳ್ಳುವುದೂ ಈ ಚೂಪೇ. ಅಡಿಯಲ್ಲಿ ರೆಕ್ಕೆ ಇಲ್ಲದ ಹಲಗೆಗೆ ಇದೊಂದೇ ಹಿಡಿತ.

ಹಿಂತುದಿಯ ಮೇಲಿನ ಮೂಲೆಯನ್ನು ಮಾತ್ರ ಚೆನ್ನಾಗಿ ದುಂಡಗೆ ಮಾಡಿ. ಮೂತಿ ಮರಳಿಗೆ ಕಚ್ಚಿಕೊಂಡರೆ ಹಿಂತುದಿ ನೇರ ಹೊಟ್ಟೆಗೆ ಹೊಡೆಯುತ್ತದೆ. ಮರದ ಹಲಗೆಯ ದೊಡ್ಡ ಅಪಾಯ ಇದೇ. ನೀರು ಮೊಣಕಾಲಿಗಿಂತ ಕಡಿಮೆಯಾಗುವ ಮುಂಚೆಯೇ ಪಕ್ಕಕ್ಕೆ ಉರುಳಿ ಇಳಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ, ಹಲಗೆ ಹೊಟ್ಟೆಯ ಮುಂದೆ ಇರಲೇಬಾರದು.

80, 120, 220 ನಂಬರಿನ ಸ್ಯಾಂಡ್ ಪೇಪರ್ ಹೊಡೆದು ಎಪಾಕ್ಸಿಯ ಎರಡು ತೆಳು ಕೋಟ್ ಕೊಡಿ. ಅಂಚಿಗೆ ಇನ್ನೊಂದು ಜಾಸ್ತಿ ಇರಲಿ, ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಸಡಿಲವಾಗುತ್ತದೆ, ಹಾಗಾಗಿ ಮೇಲೆ ಹೊರಾಂಗಣದ ವಾರ್ನಿಶ್ ಬೇಕು. ಜನ ಇರುವ ತೀರವಾದರೆ ತೋಳಿಗೆ ಕಟ್ಟುವ ಹಗ್ಗ ಹಾಕಿ, ಬಿಟ್ಟುಹೋದ ಹಲಗೆ ಇನ್ನೊಬ್ಬರ ತಲೆಗೆ ಬಡಿಯಬಾರದು. ಅದಕ್ಕೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಮಾಡಿ. ಆಗ ಮರಕ್ಕೆ ನೀರು ಸೋಕುವುದೇ ಇಲ್ಲ.

ನೀರಿಗಿಳಿದ ಮೇಲೆ

ಈಜು ಬಂದರಷ್ಟೇ ಇಳಿಯಿರಿ, ಜೊತೆಗೆ ಒಬ್ಬರಿರಲಿ, ಜೀವರಕ್ಷಕರಿರುವ ತೀರವಾದರೆ ಉತ್ತಮ. ಸೊಂಟದಷ್ಟು ನೀರಲ್ಲಿ ದಡಕ್ಕೆ ಮುಖ ಮಾಡಿ ನಿಂತು, ಹಲಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಅಲೆ ಬೆನ್ನಿಗೆ ತಾಗುವ ಸ್ವಲ್ಪ ಮುಂಚೆ ಮುಂದಕ್ಕೆ ಹಾರಿ ಕಾಲು ಬಡಿಯಿರಿ.

ಮೂತಿ ಮುಳುಗುತ್ತಿದ್ದರೆ ಮೊದಲು ನೀವೇ ಎರಡು ಬೆರಳಗಲ ಹಿಂದೆ ಸರಿದು ನೋಡಿ. ಸರಿದರೂ ಮುಳುಗಿದರೆ ಮುಂದಿನ ಹಲಗೆಗೆ ಏರು ಜಾಸ್ತಿ ಬೇಕು. ಹಿಂಭಾಗ ಅಡ್ಡ ಜಾರಿದರೆ ಅಂಚು ಸಾಲದು, ಅರ ತೆಗೆದುಕೊಂಡು ಕೆಳಗಿನ ಮೂಲೆ ಇನ್ನಷ್ಟು ಚೂಪು ಮಾಡಿ, ಮತ್ತೆ ಎಪಾಕ್ಸಿ ಹಚ್ಚಿ. ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತಿದ್ದರೆ ಒಂದೋ ತಡವಾಗಿ ಹಾರುತ್ತಿದ್ದೀರಿ, ಇಲ್ಲ ಅಗಲ ಸಾಲದು. ಪಕ್ಕದವರು ಇದೇ ಹಲಗೆಯಲ್ಲಿ ಅಲೆ ಹಿಡಿದರೆ ತಪ್ಪು ಹಲಗೆಯ ಅಗಲದ್ದಲ್ಲ ಅಂತ ಗೊತ್ತಾಗುತ್ತದೆ.

ಕಂಡದ್ದನ್ನೆಲ್ಲ ಆ ಕಾಗದದ ಮಾದರಿಯ ಮೇಲೇ ಬರೆದಿಡಿ: ಯಾವ ತೀರ, ಎಷ್ಟೆತ್ತರದ ಅಲೆ, ಎಲ್ಲಿ ಜಾರಿತು, ಎಲ್ಲಿ ಒತ್ತಿತು. ಎರಡನೆಯ ಹಲಗೆಯ ಗೆರೆಯನ್ನು ಅದೇ ಕಾಗದದ ಮೇಲೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಎಳೆಯಬಹುದು.