ಮೊದಲ ವಾರ ಅಂಗನವಾಡಿಗೆ ಅಳೋ ಮಗುನ ಕೂರ್ಸೋದು ಹೇಗೆ

ಶಿರಸಿ ಕಡೆ ಹಳ್ಳೀಲಿ 28 ವರ್ಷ ಅಂಗನವಾಡಿ ಟೀಚರ್ ಆಗಿದ್ದೆ, ಈಗ ಮೊಮ್ಮಗನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತಿದೀನಿ, ಅದ್ಕೇ ಬರೀತಿದೀನಿ.

ಮೊದಲ್ನೇದು, ಮಗು ಆಟದಲ್ಲಿದ್ದಾಗ ಕದ್ದು ಮಾತ್ರ ಹೋಗ್ಬೇಡಿ. "ಹಾಲು ಕುಡಿದಾದ್ಮೇಲೆ ಬರ್ತೀನಿ ತಮಾ" ಅಂತ ಮುಖ ನೋಡಿ ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಮೂರು ವರ್ಷದ ಮಗೂಗೆ ಗಂಟೆ ಗೊತ್ತಾಗಲ್ಲ, ಹಾಲಿನ ಲೋಟ ಗೊತ್ತಾಗತ್ತೆ. 2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೇಲಿ 150 ಮಿಲಿ ಹಾಲು ಕೊಡ್ತಾರಲ್ಲ, ಅದೇ ನಮ್ಮ ಗಡಿಯಾರ.

ಮೊದಲ ದಿನ ಅರ್ಧ ಗಂಟೆ ಸಾಕು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಮನೇದೊಂದು ವಸ್ತು ಕೈಲಿರ್ಲಿ, ನಮ್ಮ ಹುಡುಗ ನನ್ನ ಹಳೇ ಸೀರೆ ತುಂಡು ಮುಷ್ಟೀಲಿ ಹಿಡ್ಕೊಂಡು, ಅದನ್ನೇ ಮೂಗಿಗೆ ಒತ್ಕೊಂಡು ಕಿಟಕಿ ಹತ್ರ ನಿಂತಿರ್ತಿದ್ದ, ನೋಡಿ ನನಗೇ ಕಣ್ಣು ತುಂಬ್ತಿತ್ತು.

ಟೀಚರ್‌ಗಳೇ, ಅಳೋ ಮಗೂಗೆ "ಸುಮ್ನಿರು" ಅನ್ಬೇಡಿ, ಕೆಲಸ ಕೊಡಿ. ಉದುರಿದ ಅಡಿಕೆ ಹಾಳೆ ತನ್ನಿ, ಒಂದು ಮಗುನ ಕೂರ್ಸಿ ಇನ್ನೆರಡು ಎಳೀಲಿ, ಸರ್ರ್ ಅಂತ ಜಾರೋ ಶಬ್ದಕ್ಕೇ ಅಳು ನಿಲ್ಲತ್ತೆ. ಜೂನ್ ಮಳೇಲಿ ಹೊರಗೆ ಆಗಲ್ಲ, ಆಗ ಒಳಗೆ ಹಲಸಿನ ಬೀಜ ಎಣಿಸೋದು, ದೊಡ್ಡದು ಚಿಕ್ಕದು ಬೇರೆ ಮಾಡೋದು. ಹುಣಸೆ ಬೀಜ ಬೇಡ, ಮೂಗಲ್ಲಿ ಹಾಕ್ಕೋತಾವೆ, ಒಂದ್ಸಲ ನನ್ನ ಕಣ್ಣೆದುರೇ ಆಗಿ ಆಸ್ಪತ್ರೆಗೆ ಓಡಿದೀವಿ.

ಮನೇಲಿ ಸಂಜೆ "ಇವತ್ತು ಅತ್ತ್ಯಾ?" ಅಂತ ಕೇಳ್ಬೇಡಿ, "ಯಾರ ಪಕ್ಕ ಕೂತಿದ್ದೆ?" ಅಂತ ಕೇಳಿ.