ಹತ್ತು ದಿನದೊಳಗೆ ಬಿಟ್ಟ ಟೈಮ್‌ಶೇರ್, ಆಮೇಲೆ ರೀಸೇಲ್‌ನಲ್ಲಿ ಕೊಂಡದ್ದು

ನಾವಿರುವುದು ಅಮೆರಿಕದ ಷಾರ್ಲಟ್‌ನಲ್ಲಿ. ಫ್ಲಾರಿಡಾದ ಆರ್ಲ್ಯಾಂಡೊಗೆ ಕಾರಿನಲ್ಲಿ ಎಂಟು ಗಂಟೆ. ಎರಡು ವರ್ಷಕ್ಕೊಮ್ಮೆ ಹಾಸನದಿಂದ ಅತ್ತೆ, ಮಾವ ಬರುತ್ತಾರೆ. ಮಕ್ಕಳ ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಎಲ್ಲಾದರೂ ಹೋಗಲೇಬೇಕು. ಅತ್ತೆ ಹೊರಗೆ ಊಟ ಮಾಡುವವರಲ್ಲ. ಹಾಗಾಗಿ ಹೋಟೆಲ್ ರೂಮ್ ನಮಗೆ ಆಗಿಬರುವುದಿಲ್ಲ. ಅಡುಗೆಮನೆ ಬೇಕು, ಎರಡು ಬೆಡ್‌ರೂಮ್ ಬೇಕು. ಕುಕ್ಕರ್, ಅಕ್ಕಿ, ಸಾರಿನ ಪುಡಿ ಡಿಕ್ಕಿಯಲ್ಲಿ ಹಾಕಿಕೊಂಡೇ ನಾವು ಹೊರಡುವುದು.

2022ರ ಜೂನ್‌ನಲ್ಲಿ ಆರ್ಲ್ಯಾಂಡೊದ ಒಂದು ರೆಸಾರ್ಟಿನಲ್ಲಿ 'ಒಂದೂವರೆ ಗಂಟೆ ಕೂತು ಕೇಳಿ, 150 ಡಾಲರ್ ಗಿಫ್ಟ್ ಕಾರ್ಡ್ ತಗೊಳ್ಳಿ' ಅಂದರು. ಅವರು ಮಾರುತ್ತಿದ್ದದ್ದು ಟೈಮ್‌ಶೇರ್, ಅಂದರೆ ಒಂದು ಸಲ ಕೊಂಡು ಪ್ರತಿ ವರ್ಷ ಕೆಲವು ದಿನ ರೆಸಾರ್ಟಿನಲ್ಲಿ ಇರುವ ಹಕ್ಕು. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಅನ್ನುವುದು ಷರತ್ತು. ಹೋದೆವು. ಒಂದೂವರೆ ಗಂಟೆ ನಾಲ್ಕು ಗಂಟೆಯಾಯಿತು. ಮಾದರಿ ಮನೆ ತೋರಿಸಿದರು. ಅತ್ತೆ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಕೈಯಾಡಿಸಿ, ಸಿಂಕಿನ ಕೆಳಗೆಲ್ಲ ಬಗ್ಗಿ ನೋಡಿ, "ಒಲೆ ಚೆನ್ನಾಗಿದೆ ಕಣಮ್ಮ, ಪಾತ್ರೆನೂ ಇದೆ" ಅಂದರು. ನನ್ನ ಮನಸ್ಸು ಕರಗಿದ್ದು ಅಲ್ಲೇ. ಸೇಲ್ಸ್‌ನವರ ಚಾರ್ಟು, ಲೆಕ್ಕ ಯಾವುದೂ ಅಷ್ಟು ಕೆಲಸ ಮಾಡಲಿಲ್ಲ.

38 ಸಾವಿರದಿಂದ ಶುರುವಾದ ಬೆಲೆ ಮೂರನೇ ಮ್ಯಾನೇಜರ್ ಬರುವ ಹೊತ್ತಿಗೆ 23 ಸಾವಿರ ಡಾಲರಿಗೆ ಇಳಿದಿತ್ತು. 'ಈ ಬೆಲೆ ಇವತ್ತು ಮಾತ್ರ.' ಕ್ರೆಡಿಟ್ ಕಾರ್ಡಿನಲ್ಲಿ 2,300 ಕಟ್ಟಿ ಸಹಿ ಹಾಕಿದೆವು. ಉಳಿದದ್ದು ಅವರದೇ ಸಾಲ, ಬಡ್ಡಿ ಶೇಕಡಾ 15.

ಮನೆಗೆ ಬಂದ ಮೇಲೆ ಮೂರನೇ ರಾತ್ರಿ ನಮ್ಮ ಯಜಮಾನರು ಲೆಕ್ಕ ಹಾಕಿದರು. ತಿಂಗಳಿಗೆ 334 ಡಾಲರ್, ಹತ್ತು ವರ್ಷ. ಒಟ್ಟು 40 ಸಾವಿರ. ಮೇಂಟೆನೆನ್ಸ್ ಬೇರೆ. ನಾನು ಅದೇ ರೆಸಾರ್ಟಿನ ಹೆಸರು ಹಾಕಿ ಇಬೇಯಲ್ಲಿ ಹುಡುಕಿದೆ. ಈ ಹಕ್ಕನ್ನು ಅಳೆಯುವುದು ಪಾಯಿಂಟುಗಳಲ್ಲಿ; ವರ್ಷವರ್ಷ ಸಿಗುವ ಪಾಯಿಂಟು ಕೊಟ್ಟು ರೂಮ್ ಬುಕ್ ಮಾಡುವುದು. ಅಷ್ಟೇ ಪಾಯಿಂಟುಗಳನ್ನು ಯಾರೋ 400 ಡಾಲರಿಗೆ ಇಟ್ಟಿದ್ದರು. ಇನ್ನೊಬ್ಬರು ಒಂದು ಡಾಲರಿಗೆ. ಅವರಿಗೆ ಬೇಕಾಗಿದ್ದದ್ದು ವರ್ಷವರ್ಷದ ಮೇಂಟೆನೆನ್ಸ್ ಬಿಲ್ಲಿನಿಂದ ಬಿಡುಗಡೆ, ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಓದುವವರಲ್ಲಿ ಯಾರಾದರೂ ಮೊನ್ನೆ ಮೊನ್ನೆ ಸಹಿ ಹಾಕಿದ್ದರೆ, ಮುಂದಿನದನ್ನು ಬಿಟ್ಟು ಮೊದಲು ಇದನ್ನು ನೋಡಿ. ಫ್ಲಾರಿಡಾದ ಕಾನೂನಿನಲ್ಲಿ ಡೆವಲಪರ್ (ರೆಸಾರ್ಟ್ ಕಂಪನಿ) ಹತ್ತಿರ ಕೊಂಡ ಟೈಮ್‌ಶೇರನ್ನು 10 ದಿನದೊಳಗೆ ಕ್ಯಾನ್ಸಲ್ ಮಾಡಬಹುದು. ಕಾರಣ ಕೊಡಬೇಕಿಲ್ಲ, ದಂಡ ಇಲ್ಲ. ಸಹಿ ಹಾಕಿದ ದಿನ, ಅಥವಾ ಕೊಡಬೇಕಾದ ಕಾಗದಗಳಲ್ಲಿ ಕೊನೆಯದು ಕೈಗೆ ಬಂದ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ ಲೆಕ್ಕ. ಶನಿವಾರ, ಭಾನುವಾರವೂ ಸೇರುತ್ತವೆ. 'ಈ ಹಕ್ಕು ನನಗೆ ಬೇಡ' ಅಂತ ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಅದಕ್ಕೆ ಬೆಲೆ ಇಲ್ಲ. ಬೇರೆ ರಾಜ್ಯಗಳಲ್ಲಿ ದಿನ ಬೇರೆ: ನೆವಾಡಾದಲ್ಲಿ 5, ಹವಾಯಿಯಲ್ಲಿ 7. ನೀವು ಕೊಂಡ ರಾಜ್ಯದ್ದು ನೋಡಿಕೊಳ್ಳಿ.

ನಾವು ಐದನೇ ದಿನ ಪತ್ರ ಬರೆದೆವು. ನಾಲ್ಕೇ ಸಾಲು. ಇಬ್ಬರ ಹೆಸರು, ಕಾಂಟ್ರ್ಯಾಕ್ಟ್ ನಂಬರ್, ಕೊಂಡ ತಾರೀಖು, 'ಈ ಒಪ್ಪಂದವನ್ನು ರದ್ದು ಮಾಡುತ್ತಿದ್ದೇವೆ'. ಇಬ್ಬರದೂ ಸಹಿ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲೇ ಇರಬೇಕು. ಕಾಂಟ್ರ್ಯಾಕ್ಟಿನಲ್ಲಿ ರದ್ದತಿಗೆ ಅಂತ ಕೊಟ್ಟ ವಿಳಾಸಕ್ಕೇ ಕಳಿಸಬೇಕು. ಪೋಸ್ಟ್ ಆಫೀಸಿನಲ್ಲಿ ಸರ್ಟಿಫೈಡ್ ಮೇಲ್ ಮಾಡಿ, ರಸೀದಿಯ ಫೋಟೊ ತೆಗೆದಿಟ್ಟೆ. ಪತ್ರ ಅವರಿಗೆ ಯಾವತ್ತು ಮುಟ್ಟಿತು ಅನ್ನುವುದಲ್ಲ, ನಾವು ಯಾವತ್ತು ಕಳಿಸಿದೆವು ಅನ್ನುವುದೇ ಲೆಕ್ಕಕ್ಕೆ. ಒಂದು ವಾರ ಫೋನ್ ಮೇಲೆ ಫೋನ್ ಬಂತು. ಬೆಲೆ ಇನ್ನೂ ಇಳಿಸುತ್ತೇವೆ ಅಂದರು. 'ಪತ್ರ ನೋಡಿ' ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಮೂರು ವಾರಕ್ಕೆ 2,300 ಕಾರ್ಡಿಗೆ ವಾಪಸ್ ಬಂತು.

ಆದರೆ ಅತ್ತೆ ಕೈಯಾಡಿಸಿದ ಆ ಒಲೆ ನನ್ನ ತಲೆಯಿಂದ ಹೋಗಲಿಲ್ಲ. ನಮಗೆ ಅಡುಗೆಮನೆ ಇರುವ ಜಾಗ ಬೇಕಾಗಿದ್ದದ್ದು ನಿಜ ತಾನೇ? ಹಾಗಾಗಿ ರೀಸೇಲ್, ಅಂದರೆ ಕಂಪನಿಯ ಬದಲು ಹಳೆಯ ಮಾಲೀಕರಿಂದ ಕೊಳ್ಳುವುದರ ಬಗ್ಗೆ ಓದತೊಡಗಿದೆ. ಮಕ್ಕಳಿಗಾಗಿ ಡಿಸ್ನಿಯವರ ಟೈಮ್‌ಶೇರ್ ಆದ ಡಿಸ್ನಿ ವೆಕೇಷನ್ ಕ್ಲಬ್ ಆರಿಸಿಕೊಂಡೆವು. ಕೊಳ್ಳುವ ಮುಂಚೆ 2023ರ ವಸಂತದಲ್ಲಿ ಒಬ್ಬ ಮಾಲೀಕರ ಪಾಯಿಂಟುಗಳನ್ನು ಬಾಡಿಗೆಗೆ ತಗೊಂಡು ಅದರ ಸರಟೋಗ ಸ್ಪ್ರಿಂಗ್ಸ್ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ ಇದ್ದು ನೋಡಿದೆವು. ಎಲ್ಲರಿಗೂ ನಾನು ಹೇಳುವುದು ಇದನ್ನೇ. ಒಂದು ಸಲ ಬಾಡಿಗೆಗೆ ಇದ್ದು ನೋಡದೆ ಯಾವುದನ್ನೂ ಕೊಳ್ಳಬೇಡಿ.

ಆಗ ಹೊಸ ರೆಸಾರ್ಟುಗಳನ್ನು ಡಿಸ್ನಿಯಿಂದ ನೇರವಾಗಿ ಕೊಂಡರೆ ಪಾಯಿಂಟಿಗೆ 200 ಡಾಲರಿಗೂ ಜಾಸ್ತಿ. ಸರಟೋಗ ರೀಸೇಲ್‌ನಲ್ಲಿ 100ರ ಆಸುಪಾಸು. ನಾವು ಮೊದಲು 92ಕ್ಕೆ ಕೇಳಿದೆವು, ಮಾರುವವರು ಒಪ್ಪಿದರು. ಖುಷಿಯಾಯಿತು. ಆದರೆ ಇಲ್ಲೊಂದು ನಿಯಮ ಇದೆ. ಯಾರೇ ಮಾರಿದರೂ ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು ಡಿಸ್ನಿಗೆ. ಮೂರು ವಾರ ಕಾದ ಮೇಲೆ, ಡಿಸ್ನಿ ತಗೊಂಡಿತು ಅಂತ ಬ್ರೋಕರ್ ಮೇಲ್ ಹಾಕಿದರು. ಅಡ್ವಾನ್ಸ್ ವಾಪಸ್ ಬಂತು, ಹೋದದ್ದು ಮೂರು ವಾರ ಮಾತ್ರ. ಎರಡನೇ ಸಲ 160 ಪಾಯಿಂಟ್, 100 ಡಾಲರಿನಂತೆ 16,000ಕ್ಕೆ ಒಪ್ಪಿಕೊಂಡೆವು. ಕ್ಲೋಸಿಂಗ್ (ಕಾಗದಪತ್ರ, ನೋಂದಣಿ) ಖರ್ಚು 650. ಈ ಸಲ ಡಿಸ್ನಿ ಬಿಟ್ಟುಕೊಟ್ಟಿತು. ಪಾಯಿಂಟುಗಳು ನಮ್ಮ ಖಾತೆಗೆ ಬರಲು ಎರಡು ತಿಂಗಳು ಹಿಡಿಯಿತು.

ಜಾಹೀರಾತಿನಲ್ಲಿ ಬೆಲೆ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಈ ವರ್ಷದ ಪಾಯಿಂಟ್ ಉಳಿದಿದೆಯೋ, ಮಾರುವವರು ಮುಂದಿನ ವರ್ಷದ್ದನ್ನೂ ಎಳೆದು ಖರ್ಚು ಮಾಡಿಬಿಟ್ಟಿದ್ದಾರೋ ಕೇಳಬೇಕು. ಒಪ್ಪಂದ ಯಾವಾಗ ಮುಗಿಯುತ್ತೆ ನೋಡಬೇಕು. ಡಿಸ್ನಿಯ ಬೀಚ್ ಕ್ಲಬ್, ಬೋರ್ಡ್‌ವಾಕ್ ಎಲ್ಲ 2042ಕ್ಕೆ ಮುಗಿಯುವಂಥವು. ಸರಟೋಗ 2054ರವರೆಗೆ. ಬ್ರೋಕರಿಗೆ ಫ್ಲಾರಿಡಾದ ರಿಯಲ್ ಎಸ್ಟೇಟ್ ಲೈಸೆನ್ಸ್ ಇದೆಯಾ ಅಂತ ರಾಜ್ಯದ ವೆಬ್‌ಸೈಟಿನಲ್ಲೇ ನೋಡಿಕೊಂಡೆ. ದುಡ್ಡು ಎಸ್ಕ್ರೋ ಖಾತೆಗೆ ಮಾತ್ರ, ಅಂದರೆ ವ್ಯವಹಾರ ಮುಗಿಯುವವರೆಗೆ ಮೂರನೆಯವರು ಇಟ್ಟುಕೊಂಡಿರುವ ಖಾತೆಗೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟವಾಯಿತು. ಫ್ಲಾರಿಡಾದಲ್ಲಿ ಆಸ್ತಿ (ನಮ್ಮ ಈ ಟೈಮ್‌ಶೇರೂ ಆಸ್ತಿಯೇ) ಕೈ ಬದಲಾದರೆ ಬೆಲೆಯ ಪ್ರತಿ 100 ಡಾಲರಿಗೆ 70 ಸೆಂಟ್ ಸ್ಟ್ಯಾಂಪ್ ತೆರಿಗೆ. ಕ್ರಯಪತ್ರ ಆರೆಂಜ್ ಕೌಂಟಿಯಲ್ಲಿ ನೋಂದಣಿಯಾಗುತ್ತದೆ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ತೆಗೆದು ನೋಡಬಹುದು. ಪತ್ರದ ಮೇಲೇ ಆ ತೆರಿಗೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ 112.00 ಅಂತಿದೆ. 0.7ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 16,000. ಹೀಗೆ ಹಿಂದಿನ ತಿಂಗಳುಗಳ ಎಷ್ಟೋ ಪತ್ರ ತೆಗೆದು, ಜನ ನಿಜವಾಗಿ ಎಷ್ಟು ಕೊಟ್ಟಿದ್ದಾರೆ ಅಂತ ನೋಡಿಯೇ ನಾನು ಬೆಲೆ ಕೇಳಿದ್ದು.

ರೀಸೇಲ್‌ನಲ್ಲಿ ಕಳೆದುಕೊಳ್ಳುವುದೂ ಇದೆ. 2019ರ ಜನವರಿ 19ರಿಂದ ಈಚೆಗೆ ಹೀಗೆ ಕೊಂಡ ಸರಟೋಗದಂಥ ಹಳೆಯ ರೆಸಾರ್ಟುಗಳ ಪಾಯಿಂಟುಗಳು ರಿವಿಯೆರಾದಂಥ ಹೊಸ ರೆಸಾರ್ಟುಗಳಲ್ಲಿ ನಡೆಯುವುದಿಲ್ಲ. ಮೆಂಬರುಗಳಿಗೆ ಸಿಗುವ ಟಿಕೆಟ್, ಅಂಗಡಿ ರಿಯಾಯಿತಿಗಳೂ ಇಲ್ಲ. ರಿವಿಯೆರಾದಲ್ಲೇ ಇರಬೇಕು ಅನ್ನುವವರು ನೇರವಾಗಿ ಕೊಳ್ಳುವುದರಲ್ಲಿ ಅರ್ಥ ಇದೆ. ನಮಗೆ ಅದು ಬೇಕಿರಲಿಲ್ಲ. ವರ್ಷದ ಮೇಂಟೆನೆನ್ಸ್ ಮಾತ್ರ ನೇರವಾಗಿ ಕೊಂಡವರಿಗೂ ರೀಸೇಲ್‌ನವರಿಗೂ ಒಂದೇ, ನಾವು ಕೊಂಡಾಗ ಪಾಯಿಂಟಿಗೆ 8 ಡಾಲರಿನ ಹತ್ತಿರ ಇತ್ತು. ನಮಗೆ ಆಗ ವರ್ಷಕ್ಕೆ ಸುಮಾರು 1,300. ಇದು ಏರುತ್ತಲೇ ಹೋಗುತ್ತೆ. ಹೋಗದ ವರ್ಷವೂ ಕಟ್ಟಲೇಬೇಕು. ಇದು ಹೊರೆ ಅನ್ನಿಸಿದರೆ ರೀಸೇಲ್ ಕೂಡ ಬೇಡ, ಬಾಡಿಗೆಯೇ ಸಾಕು.

ನಾವು ಒಂದು ವರ್ಷದ ಪಾಯಿಂಟುಗಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡು, ಅತ್ತೆ ಮಾವ ಬಂದಾಗ ಎರಡು ಬೆಡ್‌ರೂಮಿನ ವಿಲ್ಲಾ ತಗೊಳ್ಳುತ್ತೇವೆ. ನಮ್ಮದೇ ರೆಸಾರ್ಟ್ ಆದ್ದರಿಂದ 11 ತಿಂಗಳು ಮುಂಚೆಯೇ ಬುಕ್ ಮಾಡಬಹುದು. ಬೇರೆ ಕಡೆಗೆ 7 ತಿಂಗಳು. ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಈ ಸಲ ಬುಕ್ ಮಾಡಿ ಹಾಸನಕ್ಕೆ ಫೋನ್ ಮಾಡಿದಾಗ ಅತ್ತೆ ತಾರೀಖು ಕೇಳಲಿಲ್ಲ. "ಹೋದ ಸಲದ್ದೇ ಒಲೆ ತಾನೇ?" ಅಂದರು. ಹೌದು ಅಂದೆ.